ಹೂಂ ಅನ್ನುವವರ ನೇಮಕಾತಿ ಹಾಗೂ ಬಾವಿಯಲ್ಲಿ ನಿಂತ ನೀಲಾ

ಹೆಜ್ಜೆಗೂಡು ನೃತ್ಯಶಾಲೆ, ವಿಜಯಪುರ
(ಶಾಖೆಗಳು: ತಿಕೋಟಾ, ಬಬಲೇಶ್ವರ)
ವಾರ್ಷಿಕ ಪ್ರದರ್ಶನ ಸಮಿತಿ, ಶಿಸ್ತು ಮತ್ತು ಸದ್ದು ವಿಭಾಗ

ಸಂಖ್ಯೆ: ಹೆನೃಶಾ/ಸದ್ದು/ಹೂಂ/೦೨/೨೦೨೪-೨೫
ದಿನಾಂಕ: ೧೦-೦೨-೨೦೨೫

ಸುತ್ತೋಲೆ

ವಿಷಯ: ವಿದ್ಯಾರ್ಥಿಗಳ ರಂಗಪ್ರದರ್ಶನದಲ್ಲಿ ಪ್ರೇಕ್ಷಕರು ‘ಹೂಂ’ ಅನ್ನುವುದನ್ನು ಕ್ರಮಬದ್ಧಗೊಳಿಸುವ ಹಾಗೂ ಬಾವಿಯಲ್ಲಿ ನಿಂತ ವಿದ್ಯಾರ್ಥಿನಿಯನ್ನು ಮೇಲೆ ತರುವ ಬಗ್ಗೆ.

ಉಲ್ಲೇಖ: ೧. ಕಳೆದ ವರ್ಷದ ಪ್ರದರ್ಶನದಲ್ಲಿ ಎದ್ದ ಸದ್ದು.
೨. ಹೂಂ ಅನ್ನುವುದನ್ನು ನಿಷೇಧಿಸಿದ ಈ ಸಮಿತಿಯ ಸುತ್ತೋಲೆ, ದಿ. ೨೦-೦೧-೨೦೨೫.
೩. ನಿಡೋಣಿಯ ಸಾವಂತ್ರವ್ವ ಇವರು ಕಚೇರಿಯ ಬಾಗಿಲಲ್ಲಿ ನಿಂತು ಸಲ್ಲಿಸಿದ ಬಾಯಿಮಾತಿನ ಮನವಿ.

ಪ್ರಸ್ತಾವನೆ:

ಬಬಲೇಶ್ವರ ಶಾಖೆಯ ಕುಮಾರಿ ನೀಲಾ, ವಯಸ್ಸು ಒಂಬತ್ತು, ತನ್ನ ಅಜ್ಜಿ (ಆಕೆಯ ಬಾಯಲ್ಲಿ ‘ಆಯಿ’) ಸಾವಂತ್ರವ್ವ ಹೇಳಿದ ಒಂದೊಂದು ಕತೆಯನ್ನು ಪ್ರತಿ ವರ್ಷ ಕುಣಿಯುತ್ತಾಳೆ. ಕಳೆದ ಬಾರಿ ಅಜ್ಜಿ ಮುಂದಿನ ಸಾಲಿನಲ್ಲಿ ಕುಳಿತು ಕತೆಯ ತಿರುವಿಗೊಮ್ಮೆ ಹೂಂ ಅಂದರು. ಅವರೊಡನೆ ಟೆಂಪೋದಲ್ಲಿ ಬಂದ ನಿಡೋಣಿಯ ಮೂವತ್ತೊಂದು ಮಂದಿಯೂ ಅಂದರು. ಕೊನೆಗೆ, ಯಾವ ಸಂಬಂಧವೂ ಇಲ್ಲದ ಅರಕೇರಿಯ ಒಬ್ಬರೂ ಅಂದರು. ಧ್ವನಿವರ್ಧಕದ ದಶರಥ ಇವರು ಯಂತ್ರ ಕೆಟ್ಟಿತೆಂದು ತಿಳಿದು ಹಾಡು ಬಂದ್ ಮಾಡಿದ್ದರಿಂದ ಉಲ್ಲೇಖ ೨ರ ನಿಷೇಧ ಹೊರಡಿಸಲಾಯಿತು.

ಈ ವರ್ಷದ ಕತೆಯಲ್ಲಿ ಚಂದ್ರ ಕಾಲು ಜಾರಿ ಬಾವಿಗೆ ಬೀಳುತ್ತಾನೆ. ಊರ ಹಿರಿಯರು ದಂಡೆಯ ಮೇಲೆ ನಿಂತು ಚರ್ಚಿಸುತ್ತಿರುವಾಗ ಹುಡುಗಿಯೊಬ್ಬಳು ಹನ್ನೆರಡು ಮೆಟ್ಟಿಲಿಳಿದು, ಅವನನ್ನು ಕೊಡದಲ್ಲಿ ತುಂಬಿಕೊಂಡು ಬರುತ್ತಾಳೆ. ದಿ. ೦೨ರ ತಾಲೀಮಿನಲ್ಲಿ ನಿಷೇಧ ಪಾಲನೆಯಾಗಿ ಎಲ್ಲರೂ ಬಾಯಿ ಮುಚ್ಚಿದ್ದರು. ನೀಲಾ ಏಳನೇ ಮೆಟ್ಟಿಲಿನಲ್ಲಿ ಒಂದು ಕಾಲು ಎತ್ತಿದವಳು ಎತ್ತಿದಂತೆಯೇ ನಿಂತಳು. ಗುರುಗಳಾದ ಶರ್ವರಿ ಇವರು ಕಾರಣ ಕೇಳಲಾಗಿ, ಆಕೆಯ ಹೇಳಿಕೆ: “ಯಾರೂ ಹೂಂ ಅನ್ನವಲ್ರು, ಟೀಚರ್. ಎಲ್ಲಾರೂ ಮಲಗ್ಯಾರ ಅಂತ ತಿಳದ್ನಿ. ಮಲಗಿದವರಿಗೆ ಕತಿ ಹೇಳಬಾರದಂತ, ನಮ್ಮ ಆಯಿ ಹೇಳ್ಯಾಳ.”

ಮುಂದಿನ ತಾಲೀಮಿನಲ್ಲೂ ಬಾಲೆ ಬಾವಿಯಿಂದ ಮೇಲೆ ಬಾರದಿದ್ದಲ್ಲಿ ಆಕೆಯ ನೃತ್ಯವನ್ನು ಕೈಬಿಟ್ಟು, ಆ ಹದಿನೈದು ನಿಮಿಷವನ್ನು ಮುಖ್ಯ ಅತಿಥಿಗಳ ಭಾಷಣಕ್ಕೆ ಸೇರಿಸುವುದಾಗಿ ಗುರುಗಳು ತಿಳಿಸಿದರು. ಈ ಪರ್ಯಾಯವನ್ನು ಮುಖ್ಯ ಅತಿಥಿಗಳನ್ನು ಬಿಟ್ಟು ಯಾರೂ ಸ್ವಾಗತಿಸಲಿಲ್ಲ. ಉಲ್ಲೇಖ ೩ರಲ್ಲಿ ಸಾವಂತ್ರವ್ವ ಇವರ ಮಾತು ಹೀಗಿದೆ: “ಯಪ್ಪಾ, ಹೂಂ ಅನಬ್ಯಾಡ್ರಿ ಅಂದ್ರ ಹೆಂಗ? ಬಂಡಿ ಹೂಡಿ, ಎತ್ತಿನ ಜೋಡಿ ಮಾತಾಡಬ್ಯಾಡ ಅಂದಂಗಾತು. ಕೂಸು ಕತ್ತಲ ಬಾವ್ಯಾಗ ಒಂದ ನಿಂತೈತಿ, ನಿಮಗ ಸದ್ದಿನ ಚಿಂತಿ.”

ಮೇಲಿನ ಎಲ್ಲವನ್ನೂ ಪರಿಶೀಲಿಸಿ, ಈ ಕೆಳಗಿನಂತೆ ಸೂಚಿಸಲಾಗಿದೆ.

೧. ‘ಹೂಂ’ ಎಂದರೆ ಬಾಯಿ ಮುಚ್ಚಿ, ಕಿವಿ ತೆರೆದು, ಕತೆಯ ಮೇಲೆ ಜೀವವಿಟ್ಟು ಹೊರಡಿಸುವ ಸದ್ದು. ಬಾಯಲ್ಲಿ ಎಲೆಅಡಿಕೆ ಇದ್ದ ಕಾರಣಕ್ಕೆ ಹೊರಡುವ ಹೂಂ, ಫೋನಿನಲ್ಲಿ ಹೆಂಡತಿಗೆ ಅನ್ನುವ ಹೂಂ ಹಾಗೂ ಆಕಳಿಕೆಯ ಬಾಲ ಹಿಡಿದು ಬರುವ ಹೂಂ ಇದರಲ್ಲಿ ಸೇರತಕ್ಕದ್ದಲ್ಲ.

೨. ಇಳಿಯುವಾಗ ಮೆಟ್ಟಿಲಿಗೊಂದು ಹೂಂ. ಏರುವಾಗ ಕೊಡದಲ್ಲಿ ಚಂದ್ರನಿರುವುದರಿಂದ, ಭಾರವನ್ನು ಗಮನಿಸಿ, ಹೂಂ ಅನ್ನು ತುಸು ಎಳೆಯಬಹುದು.

೩. ಏಳನೇ ಮೆಟ್ಟಿಲಿನಲ್ಲಿ ಪಾಚಿ ಇರುವುದಾಗಿ ಕತೆಯಲ್ಲಿ ಬಂದಿರುವ ಕಾರಣ, ಅಲ್ಲಿ ಒಮ್ಮೆ ಮಾತ್ರ “ಜ್ವಾಕಿ ನಮ್ಮವ್ವ” ಎನ್ನಲು ಅನುಮತಿಸಿದೆ. ಓಡಿ ಹೋಗಿ ಕೈ ಹಿಡಿಯತಕ್ಕದ್ದಲ್ಲ.

೪. ಹಗಲಲ್ಲಿ ಕತೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆಂದು ಸಾವಂತ್ರವ್ವ ಇವರು ಆಕ್ಷೇಪಿಸಿದ್ದಾರೆ. ಬೆಳಗಿನ ತಾಲೀಮಿನ ದಿನ ಕಾಖಂಡಕಿಯ ಪಾಲಕರೊಬ್ಬರು ಬಬಲೇಶ್ವರಕ್ಕೆಂದು ಹೊರಟು ತಿಕೋಟಾ ತಲುಪಿದ್ದು ನಿಜ. ಆದ್ದರಿಂದ ದಿ. ೨೩ರ ಪ್ರದರ್ಶನವನ್ನು ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರೂಮುಕ್ಕಾಲಿಗೆ ಮುಂದೂಡಲಾಗಿದೆ.

೫. ಸಮಿತಿಯೇ ಹೂಂ ಒದಗಿಸಬಹುದೇ ಎಂಬುದನ್ನು ದಿ. ೦೯ರ ತಾಲೀಮಿನಲ್ಲಿ ಪರೀಕ್ಷಿಸಲಾಯಿತು. ಸಾವಂತ್ರವ್ವ ಇವರನ್ನು ಹೊರಗೆ, ಚಪ್ಪಲಿ ಬಿಡುವ ಕಡೆ ಕೂರಿಸಿ, ಕೆಳಗೆ ಸಹಿ ಮಾಡಿದವರು ಸ್ವತಃ ಅಧಿಕೃತ ಹೂಂ ಅಂದರು. ಆರು ಮೆಟ್ಟಿಲು ಸುಸೂತ್ರವಾಗಿ ಮುಗಿದವು. ಏಳನೆಯದರಲ್ಲಿ ನೀಲಾ ಮತ್ತೆ ನಿಂತಳು. ಆಕೆಯ ಹೇಳಿಕೆ: “ಸರ್, ನೀವು ಹೂಂ ಅಂತೀರಿ ಖರೆ, ಕತಿ ಕೇಳಾಕತ್ತಿಲ್ಲ. ಗಡಿಯಾರ ನೋಡಾಕತ್ತೀರಿ.” ಪರಿಶೀಲಿಸಲಾಗಿ ಇದು ನಿಜವೆಂದು ಕಂಡುಬಂದಿದೆ.

ಗುರುಗಳು ಕಾರ್ಯಕ್ರಮದ ಪಟ್ಟಿಯಲ್ಲಿ ನೀಲಾಳ ಹೆಸರಿನ ಮೇಲೆ ಗೀಟು ಎಳೆಯಲು ಪೆನ್ನಿನ ಮುಚ್ಚಳ ತೆಗೆದ ಸಮಯಕ್ಕೆ ಸರಿಯಾಗಿ, ಚಪ್ಪಲಿಗಳ ಕಡೆಯಿಂದ ಈ ಮಾತು ಕೇಳಿಬಂತು: “ಹೂಂ. ಮುಂದೇನಾತು, ನೀಲವ್ವ? ಚಂದ್ರಾಮ ನೀರಾಗ ಥಂಡಿ ಹತ್ತಿ ನಡಗಾಕತ್ತಾನ. ಲಗೂ ಇಳಿ.”

ನೀಲಾ ಉಳಿದ ಐದು ಮೆಟ್ಟಿಲನ್ನೂ ಇಳಿದಳು. ಬಾಗಿದಳು, ತುಂಬಿದಳು, ಸೊಂಟದ ಮೇಲೆ ಇಟ್ಟುಕೊಂಡು ಏರಿ ಬಂದಳು. ವೇದಿಕೆಯ ಮೇಲೆ ಕೊಡವಿರಲಿಲ್ಲ, ನೀರೂ ಇರಲಿಲ್ಲ. ಆದರೂ ಆಕೆ ಹತ್ತಿರ ಹಾಯ್ದು ಹೋಗುವಾಗ ಕೆಳಗೆ ಸಹಿ ಮಾಡಿದವರು ತಮ್ಮ ಪಾದಗಳು ನೆನೆಯದಂತೆ ಹಿಂದಕ್ಕೆ ಎಳೆದುಕೊಂಡಿರುವುದು, ಮತ್ತು ಯಾರ ಅನುಮತಿಯನ್ನೂ ಪಡೆಯದೆ ಒಂದು ಹೂಂ ಅಂದಿರುವುದು ದಾಖಲಾಗಿದೆ. ಇದನ್ನು ಮೊದಲ ತಪ್ಪೆಂದು ಮನ್ನಿಸಲಾಗಿದೆ.

೬. ಆದುದರಿಂದ ಉಲ್ಲೇಖ ೨ನ್ನು ಹಿಂಪಡೆದು, ಸಾವಂತ್ರವ್ವ ಇವರನ್ನು ಪ್ರದರ್ಶನದ ಹೂಂ ಅನ್ನುವವರನ್ನಾಗಿ ನೇಮಿಸಲಾಗಿದೆ. ಇವರಿಗೆ ಮುಂದಿನ ಸಾಲಿನ ನಡುವಿನ ಕುರ್ಚಿ ಕೊಡತಕ್ಕದ್ದು. ಆ ಕುರ್ಚಿಯಲ್ಲಿ ಕೂರಬೇಕಿದ್ದ ಮುಖ್ಯ ಅತಿಥಿಗಳು ಪಕ್ಕಕ್ಕೆ ಸರಿದು, ಇವರು ಅಂದ ಮೇಲೆ ಅರ್ಧ ಉಸಿರು ಬಿಟ್ಟು ಹೂಂ ಅನ್ನತಕ್ಕದ್ದು. ನಿಡೋಣಿಯವರಿಗೂ ಅರಕೇರಿಯವರಿಗೂ ಇದೇ ಅನ್ವಯ.

೭. ಹೂಂ ಅನ್ನುವವರಿಗೆ ತೂಕಡಿಕೆ ಬಂದಲ್ಲಿ ಯಾರೂ ಅಲುಗಿಸಿ ಎಬ್ಬಿಸತಕ್ಕದ್ದಲ್ಲ. ನೀಲಾ ಇದ್ದ ಮೆಟ್ಟಿಲಿನಲ್ಲಿಯೇ ಕಾಯುವಳು. ಬಹುಮಾನ ವಿತರಣೆಯೂ ಚಂದ್ರನೂ ಕಾಯತಕ್ಕದ್ದು.

(ಸಹಿ)
ರಾಮಚಂದ್ರ
ಕಾರ್ಯದರ್ಶಿ, ಶಿಸ್ತು ಮತ್ತು ಸದ್ದು ವಿಭಾಗ

ಪ್ರತಿಗಳು:
೧. ಗುರುಗಳಾದ ಶರ್ವರಿ ಇವರಿಗೆ, ಪೆನ್ನಿನ ಮುಚ್ಚಳ ಹಾಕಲು.
೨. ಮುಖ್ಯ ಅತಿಥಿಗಳಿಗೆ, ಮನೆಯಲ್ಲಿ ಹೂಂ ಅಭ್ಯಾಸಕ್ಕಾಗಿ.
೩. ದಶರಥ ಇವರಿಗೆ. ಮುಂದಿನ ಸಾಲಿನಿಂದ ಬರುವ ಸದ್ದು ಯಂತ್ರದ್ದಲ್ಲ.
೪. ದಾರಿ ತಪ್ಪಿದ ಕಾಖಂಡಕಿಯ ಪಾಲಕರಿಗೆ, ತಿಕೋಟಾ ಶಾಖೆಯ ಮೂಲಕ.
೫. ನಿಡೋಣಿಯ ಸಾವಂತ್ರವ್ವ ಇವರಿಗೆ. ಇವರಿಗೆ ಓದು ಬಾರದ ಕಾರಣ ಈ ಸುತ್ತೋಲೆಯನ್ನು ನೀಲಾ ಓದಿ ಹೇಳತಕ್ಕದ್ದು. ಇವರು ಹೂಂ ಅನ್ನದ ಕಡೆ ಸುತ್ತೋಲೆಯೂ ಅಲ್ಲಿಗೇ ನಿಂತಂತೆ.