ಹಿಮಪೀಡಿತ ಕಾಡಿನಲ್ಲಿ ಕಳೆದುಹೋಗುವ ಕ್ರಮ

ಪರ್ತ್ ನಗರದ ಪೂರ್ವಕ್ಕಿರುವ ಜಾರಾ ಮರಗಳ ಸರ್ಕಾರಿ ಕಾಡು ಕಳೆದ ಜೂನ್ ತಿಂಗಳಿನಿಂದ ಹಿಮಪೀಡಿತ ಪ್ರದೇಶವಾಗಿರುತ್ತದೆ. ಅಲ್ಲಿ ಹಿಮ ಬಿದ್ದದ್ದನ್ನು ಕಂಡವರೇ ಇಲ್ಲ ಎಂಬ ಆಕ್ಷೇಪಣೆಯೊಂದು ಬಂದಿತ್ತಾದರೂ, ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಬಂದದ್ದರಿಂದ ಅದನ್ನು ಪರಿಗಣಿಸಲಾಗಲಿಲ್ಲ.

ಇದರ ಕೀರ್ತಿ ಪೂರ್ತಿಯಾಗಿ ಪಿಯಾರಾ ವಾಟರ್ಸ್ ಬಡಾವಣೆಯ ಉಮಾಪತಿಯವರಿಗೆ ಸಲ್ಲತಕ್ಕದ್ದು. ಕಬ್ಬಿಣದ ಅದಿರಿನ ಗಣಿಗಳಲ್ಲಿ ಸೇಫ್ಟಿ ಇಂಜಿನಿಯರ್ ಆಗಿದ್ದು ನಿವೃತ್ತರಾದ ಅವರಷ್ಟು ಅಪಾಯವನ್ನು ಅರೆದು ಕುಡಿದವರು ದಕ್ಷಿಣ ಗೋಳಾರ್ಧದಲ್ಲೇ ಇಲ್ಲ. ಇದನ್ನು ಉಮಾಪತಿಯವರೇ ಖುದ್ದಾಗಿ ಪರಿಶೀಲಿಸಿ ಒಪ್ಪಿದ್ದಾರೆ. ಮನೆ ಮುಂದೆ ಹೆಂಡತಿ ರಂಗೋಲಿ ಹಾಕಲು ಕೂತರೆ ಸುತ್ತಲೂ ಕಿತ್ತಳೆ ಬಣ್ಣದ ಕೋನು ಇಡುತ್ತಿದ್ದರು. ಕನ್ನಡ ಸಂಘದ ಗಣೇಶ ವಿಸರ್ಜನೆಯಲ್ಲಿ, ನೀರಿಗಿಳಿಯುವ ಪ್ರತಿಯೊಬ್ಬರೂ ಲೈಫ್ ಜಾಕೆಟ್ ಧರಿಸತಕ್ಕದ್ದು ಎಂದು ನಿಯಮ ತಂದು, ಗಣೇಶನಿಗೂ ತೊಡಿಸಿದರು. ಗಣೇಶ ಮುಳುಗಲಿಲ್ಲ. ಸಂಘದ ವಾರ್ಷಿಕ ವರದಿಯಲ್ಲಿ ಇದು ಸಾಧನೆಗಳ ಸಾಲಿನಲ್ಲಿದೆ.

ಇಂಥ ಉಮಾಪತಿಯವರನ್ನೂ ಅಲ್ಲಾಡಿಸಿದ್ದು ಹೆಂಡತಿ ಇಂದುಮತಿಯವರ ಮೊಣಕಾಲು. ಆಪರೇಷನ್ ಆದ ಮೇಲೆ ಡಾಕ್ಟರು, ವಾರಕ್ಕೊಮ್ಮೆಯಾದರೂ ಉದ್ದಕ್ಕೆ ನಡೆಯದಿದ್ದರೆ ಕಾಲು ಸೆಟೆದುಕೊಂಡೇಬಿಡುತ್ತದೆ ಎಂದಿದ್ದರು. ಬಡಾವಣೆಯ ಕಾಂಕ್ರೀಟು ಮೊಣಕಾಲಿಗೆ ಒಗ್ಗಲಿಲ್ಲ. ಕಾಡಿನೊಳಗೆ ಹಿಂದೆ ಮರ ಸಾಗಿಸುತ್ತಿದ್ದ ರೈಲುದಾರಿಯೊಂದಿತ್ತು. ಹಳಿ ಕಿತ್ತುಹೋಗಿ, ಚಾಪೆ ಹಾಸಿದ ಹಾಗೆ ಮಟ್ಟಸವಾಗಿ, ಮೆತ್ತಗೆ ಬಿದ್ದಿತ್ತು. ಆ ಕಾಲು ಒಪ್ಪಿದ ನೆಲ ಅದೊಂದೇ. ಆದರೆ ಭಾನುವಾರ ಬಂತೆಂದರೆ ಪಕ್ಕದ ಬಡಾವಣೆ ಹ್ಯಾರಿಸ್‌ಡೇಲ್‌ನ ಸಾಫ್ಟ್‌ವೇರ್ ರಾಜೇಶ ಗೆಳೆಯರ ದಂಡು ಕಟ್ಟಿಕೊಂಡು ಅದೇ ದಾರಿಯಲ್ಲಿ ಮಣ್ಣುದಾರಿಯ ಬೈಕು ಹಾರಿಸುತ್ತಿದ್ದ. ಒಂದು ಬೈಕು ಮೊಳದಂತರದಲ್ಲಿ ಹಾದುಹೋದ ದಿನ ಇಂದುಮತಿಯವರು ಮರ ತಬ್ಬಿಕೊಂಡು ನಿಂತವರು, ಇನ್ನು ಈ ಕಾಡಿಗೆ ಕಾಲಿಡುವುದಿಲ್ಲ ಎಂದುಬಿಟ್ಟರು.

ಉಮಾಪತಿಯವರು ರಾಜೇಶನನ್ನು ಪೆಟ್ರೋಲ್ ಹಾಕಿಸುತ್ತಿದ್ದ ಕಡೆಯೇ ಹೋಗಿ ಹಿಡಿದರು.

"ಅಂಕಲ್, ಅದು ಪಬ್ಲಿಕ್ ಕಾಡು. ನಾವೂ ಪಬ್ಲಿಕ್ಕೇ ಅಲ್ವಾ?" ಅಂದ ರಾಜೇಶ.

"ನೀನು ಪಬ್ಲಿಕ್ಕೇನಪ್ಪಾ. ನಿನ್ನ ಸೈಲೆನ್ಸರ್ರು ಪಬ್ಲಿಕ್ ಅಲ್ಲ."

"ಹಾಗಾದ್ರೆ ಮಧ್ಯಾಹ್ನ ಬನ್ನಿ. ನಾವು ಅಷ್ಟೊತ್ತಿಗೆ ಬಾರ್ಬೆಕ್ಯೂ ಅಂತ ಎಲ್ಲಾದ್ರೂ ಹೋಗಿರ್ತೀವಿ."

"ಮಧ್ಯಾಹ್ನ ಹಾವು ಬಿಸಿಲು ಕಾಯಿಸ್ಕೊಳ್ಳುತ್ತೆ. ನಿನ್ನ ಬೈಕಾದ್ರೂ ಸದ್ದು ಮಾಡಿ ಬರುತ್ತೆ, ಅದು ಮಾಡಲ್ಲ."

ಮಾತು ಮುರಿದ ಮೇಲೆ ಉಳಿದದ್ದು ಕಾಡು-ವಿರಾಮ ಸಮನ್ವಯ ಕಚೇರಿ. ಅಲ್ಲಿನ ಅಧಿಕಾರಿ ಗ್ಲೆನ್ ಸಂಭಾವಿತ. ಯಾವ ಸಮಸ್ಯೆ ಹೇಳಿದರೂ ಅದು ಸಮಸ್ಯೆಯೇ ಅಲ್ಲ ಎಂದು ಮೊದಲಿಗೇ ಹೇಳುವವನು. ಕಾಡಿನ ಜಗಳ ಬಗೆಹರಿಸುವ ವಿಧಾನ ಅವನ ಬಳಿ ಒಂದೇ ಇತ್ತು. ಅದು ಯಾವುದೋ ಚಳಿದೇಶದಲ್ಲಿ, ಹಿಮದ ಮೇಲೆ ಮೋಟಾರುಗಾಡಿ ಓಡಿಸುವವರಿಗೂ ಕಾಲಿಗೆ ಸ್ಕೀ ಕಟ್ಟಿಕೊಂಡು ಸದ್ದಿಲ್ಲದೆ ಜಾರುವವರಿಗೂ ಆದ ಜಗಳಕ್ಕೆಂದು ಬರೆದದ್ದು. ಅಗ್ಗಕ್ಕೆ ಸಿಕ್ಕಿತೆಂದು ಅಡಿಲೇಡಿನ ಮುಖ್ಯ ಕಚೇರಿ ಎಲ್ಲ ಶಾಖೆಗಳಿಗೂ ಸೇರಿಸಿ ಸಗಟಾಗಿ ತರಿಸಿತ್ತು. ದೂರುದಾರರು ಅದರ ಹಾಳೆಗಳಲ್ಲಿ ಕಾಡಿನ ಅಪಾಯಗಳನ್ನು ಅಂದಾಜು ಮಾಡಿಕೊಡಬೇಕು. ಇಲ್ಲಿಗೆ ಹೊಂದದ್ದನ್ನು ಖಾಲಿ ಬಿಡಿ ಎಂದ ಗ್ಲೆನ್.

ಖಾಲಿ ಬಿಡುವುದು. ಅದೂ ಉಮಾಪತಿಯವರು. ಗಣಿಯಲ್ಲಿ ಖಾಲಿ ಬಿಟ್ಟ ಜಾಗವೆಂದರೆ ನಾಳೆ ಹೆಣ ಬೀಳುವ ಜಾಗ. ಅವರು ಊಟದ ಮೇಜಿನ ಮೇಲೆ ಹಾಳೆಗಳನ್ನು ಹರಡಿಕೊಂಡು, 'ಹಿಮಕುಸಿತ' ಎಂಬಲ್ಲಿಗೆ ಬಂದು ಪೆನ್ನು ಎತ್ತಿದರು. ಗಣಿಯ ಲೆಕ್ಕಾಚಾರದಲ್ಲಿ 'ಇಲ್ಲ' ಎಂಬ ದರ್ಜೆಯೇ ಇರುವುದಿಲ್ಲ. ಎಲ್ಲಕ್ಕಿಂತ ಕೆಳಗಿನ ದರ್ಜೆ 'ಅಪರೂಪ'.

"ಇಲ್ಲ ಅಂತ ಬರೀಬಾರ್ದೇನ್ರೀ?" ಎಂದು ಇಂದುಮತಿಯವರು ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳುತ್ತ ಕೇಳಿದರು.

"ಇಲ್ಲ ಅಂತ ಬರೆಯೋನು ಸೇಫ್ಟಿ ಇಂಜಿನಿಯರ್ ಅಲ್ಲ ಕಣೇ, ಜ್ಯೋತಿಷಿ."

ಸಂಭವ: ಅಪರೂಪ. ಪರಿಣಾಮ: ಸಾಮೂಹಿಕ ಸಾವು. ಎರಡನ್ನೂ ಗುಣಿಸಿದಾಗ ಅಪಾಯದ ಪಟ್ಟಿಯಲ್ಲಿ ಕಿತ್ತಳೆ ಬಣ್ಣ ಬಂತು, ಅಂದರೆ ಕೆಂಪಿಗೆ ಒಂದೇ ಮೆಟ್ಟಿಲು ಕೆಳಗೆ. ಕಿತ್ತಳೆ ಬಣ್ಣ ಬಂದ ಕಾಡನ್ನು ಸುಮ್ಮನೆ ಬಿಡುವ ಅಧಿಕಾರ ಗ್ಲೆನ್‌ಗೆ ಇರಲಿಲ್ಲ.

ಬ್ರಿಸ್ಬೇನಿನ ರನ್‌ಕಾರ್ನ್‌ನಿಂದ ಸುಮಂತ ಎಂಬ ಹಿಮತಜ್ಞನನ್ನು ಕರೆಸಲಾಯಿತು. ಬ್ರಿಸ್ಬೇನಿನಲ್ಲಿ ಹಿಮವೇ ಇಲ್ಲವಾದ್ದರಿಂದ ಆತನಿಗೆ ಯಾವ ಪಕ್ಷದ ಕಡೆಗೂ ಒಲವಿರುವ ಸಾಧ್ಯತೆ ಇರಲಿಲ್ಲ. ಆತನ ನೇಮಕಾತಿ ಹಿಮ ಬೀಳುವ ತನಕ. ಕಾಡಿನಲ್ಲಿ ಒಂದು ಸುತ್ತು ಹಾಕಿ ಬಂದ ಸುಮಂತ, ಹಿಮ ಸದ್ಯಕ್ಕೆ ತಡವಾಗಿದೆ, ಅವಸರ ಮಾಡಬಾರದು ಎಂದು ವರದಿ ಕೊಟ್ಟು, ಕಾಡಿನ ಸಮೀಪವೇ ಮನೆ ಬಾಡಿಗೆಗೆ ಹಿಡಿದ. ಹಿಮ ತಳ್ಳುವ ಯಂತ್ರವೂ ಬಂತು. ಅದರ ಮೇಲೆ ಬೀಳುವ ಜಾರಾ ಎಲೆ ಗುಡಿಸುವುದಕ್ಕೆ ಒಬ್ಬನನ್ನು ನೇಮಿಸಲಾಯಿತು. ಆಮೇಲೆ ಕಾಡಿನ ಗೇಟಿಗೆ ಈ ಪ್ರಕಟಣೆ ಬಿತ್ತು:

"ಸಾರ್ವಜನಿಕರ ಗಮನಕ್ಕೆ. ಈ ಕಾಡಿನ ಬಳಕೆದಾರರು ಎರಡೇ ಬಗೆ, ಹಿಮಗಾಡಿಯವರು ಮತ್ತು ಸ್ಕೀ ಜನ. ಬೈಕು ಸವಾರರನ್ನು ಹಿಮಗಾಡಿಯವರೆಂದು ಪರಿಗಣಿಸಲಾಗಿದೆ. ಹಿಮ ಬೀಳದ ಹೊರತು ಗಾಡಿ ಓಡಿಸತಕ್ಕದ್ದಲ್ಲ. ಕಾಲ್ನಡಿಗೆಯಲ್ಲಿ ಕಂಡುಬರುವವರನ್ನು ಸ್ಕೀ ಕಳೆದುಕೊಂಡು ದಾರಿ ತಪ್ಪಿದವರೆಂದು ಭಾವಿಸಿ, ಅರ್ಧ ಗಂಟೆ ಕಾದು, ಕಡ್ಡಾಯವಾಗಿ ರಕ್ಷಿಸತಕ್ಕದ್ದು. ರಕ್ಷಣೆಯ ಹೊಣೆ ಹಿಮಗಾಡಿಯವರದು. ಆ ಕಾರ್ಯಕ್ಕೆ ಮಾತ್ರ ವೇಗ ಹಾಗೂ ಸದ್ದಿನ ವಿನಾಯಿತಿ ಇರುತ್ತದೆ. ಕಳೆದುಹೋದವರು ಕಣ್ಣಿಗೆ ಬಿದ್ದ ಕೂಡಲೇ ಎಂಜಿನ್ ಆರಿಸಿ, ಅವರು ಸೀಟಿನ ಮೇಲೆ ಕೂತ ನಂತರವೇ ಮತ್ತೆ ಚಾಲೂ ಮಾಡತಕ್ಕದ್ದು. ತಪ್ಪಿದಲ್ಲಿ ಸದ್ದಿಗೆ ಹಿಮ ಕುಸಿದೀತು."

ಉಮಾಪತಿಯವರು ಇದನ್ನು ಎರಡೆರಡು ಸಲ ಓದಿ ಎದೆಯುಬ್ಬಿಸಿದರು. ದಾರಿ ನಿಶ್ಶಬ್ದವಾಯಿತು. ಅಪಾಯವನ್ನು ಮೊದಲು ಗುರುತಿಸಿದವರು ಎಂಬ ಕಾರಣಕ್ಕೆ ಅವರನ್ನೇ ಗೌರವ ಹಿಮಕುಸಿತ ವೀಕ್ಷಕರನ್ನಾಗಿ ನೇಮಿಸಿ, ದಾರಿಯ ಆಚೆ ತುದಿಯ ಗುಡಿಸಲಿನಲ್ಲಿ ದುರ್ಬೀನು ಕೊಟ್ಟು ಕೂರಿಸಲಾಯಿತು. ಮೊದಲ ಭಾನುವಾರ ಇಂದುಮತಿಯವರು ಈಚೆ ತುದಿಯಿಂದ ಕುಂಟುತ್ತ ಹೊರಟರು. ಎರಡನೇ ತಿರುವಿಗೆ ಬರುವಷ್ಟರಲ್ಲಿ ಅರ್ಧ ಗಂಟೆ ಆಗಿತ್ತು. ರಾಜೇಶ ಹೋಗಿ, ನಿಯಮದಂತೆ ರಕ್ಷಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ ಜಾಗಕ್ಕೇ ತಂದು ಇಳಿಸಿದ.

ಅಂದು ಮನೆಗೆ ಬಂದ ಗಂಡನಿಗೆ ಇಂದುಮತಿಯವರು ತಟ್ಟೆ ಹಾಕುತ್ತ ಇಷ್ಟೇ ಹೇಳಿದರು: "ನಡೆಯೋಕೆ ದಾರಿ ಕೊಡಿಸ್ತೀನಿ ಅಂದಿದ್ರಿ. ಕೊಡಿಸಿದ್ದು ಸವಾರಿ."

ಉಮಾಪತಿಯವರು ತಟ್ಟೆ ಪಕ್ಕಕ್ಕೆ ಸರಿಸಿ ಅಪಾಯದ ಹಾಳೆ ತೆರೆದರು. ಕಾಲು ಸೆಟೆದರೆ ಅದಕ್ಕೆ ಯಾವ ಬಣ್ಣ ಹಾಕಬೇಕು ಎಂಬುದು ಜೀವಮಾನದಲ್ಲಿ ಮೊದಲ ಬಾರಿಗೆ ಅವರಿಗೆ ತೋಚಲಿಲ್ಲ.

ಆದರೆ ಇತ್ತ ರಾಜೇಶನಿಗೂ ನೆಮ್ಮದಿ ಇರಲಿಲ್ಲ. ವಾರವಿಡೀ ಕಂಪ್ಯೂಟರಿನ ಮುಂದೆ ಕೂತವನಿಗೆ ಭಾನುವಾರದ ಬೈಕೇ ಉಸಿರು. ರಕ್ಷಣೆ ಬೇಗ ಮುಗಿದುಬಿಟ್ಟರೆ ಮೈ ಬೆವರುವುದೂ ಇಲ್ಲ. ಅವನು ಮೈಸೂರುಪಾಕಿನ ಡಬ್ಬಿ ಹಿಡಿದು ಮನೆಗೇ ಬಂದ.

"ಆಂಟಿ, ದಯವಿಟ್ಟು ಇನ್ನೊಂಚೂರು ದೂರ ಕಳೆದುಹೋಗಿ. ಥರ್ಡ್ ಗೇರಿಗೆ ಬರೋಷ್ಟ್ರಲ್ಲಿ ನೀವು ಸಿಕ್ಬಿಡ್ತೀರಾ."

"ನನ್ನ ಮಂಡಿಯನ್ನ ಕೇಳ್ಕೋಬೇಕಪ್ಪಾ," ಎಂದರು ಇಂದುಮತಿಯವರು. ಕೇಳಿಯೂ ಕೇಳಿದರು. ಮುಂದಿನ ವಾರ ಮೂರನೇ ತಿರುವು, ಅದರಾಚೆಯ ವಾರ ಸುಟ್ಟ ಮರ, ಆಮೇಲೆ ಕಾಂಗರೂ ನೀರು ಕುಡಿಯುವ ಹಳ್ಳ. ಅರ್ಧ ಗಂಟೆ ಮುಗಿಯುವ ತನಕ ಕಾಡಿನಲ್ಲಿ ಹಕ್ಕಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಮುಗಿದ ಮೇಲೆ ರಾಜೇಶನ ದಂಡು ಆಕಾಶ ಭೂಮಿ ಒಂದು ಮಾಡಿಕೊಂಡು ಬರುತ್ತಿತ್ತು. ಸುದ್ದಿ ಹಬ್ಬಿ ಸಂಘದ ಹೆಂಗಸರೆಲ್ಲ ಕಳೆದುಹೋಗಲು ಹೆಸರು ಕೊಟ್ಟರು. ನೂಕುನುಗ್ಗಲಾಗಬಾರದೆಂದು ವಯಸ್ಸಿನ ಪ್ರಕಾರ ಸರದಿ ಗೊತ್ತುಮಾಡಲಾಯಿತು. ಕಳೆದುಹೋಗುವವರು ಬುತ್ತಿಯಲ್ಲಿ ರಕ್ಷಕರಿಗೂ ಚಿತ್ರಾನ್ನ ತರತಕ್ಕದ್ದು ಎಂದು ರಾಜೇಶ ಒಂದು ಉಪನಿಯಮವನ್ನೂ ಸೇರಿಸಿದ.

ಹೀಗಿರುವಾಗ ಒಂದು ಭಾನುವಾರ ಉಮಾಪತಿಯವರು ಗುಡಿಸಲಿನಲ್ಲಿ ಗ್ಲೆನ್ ಮತ್ತು ಸುಮಂತರ ಜೊತೆ ಚಹಾ ಕುಡಿಯುತ್ತ ಗುಡ್ಡದತ್ತ ದುರ್ಬೀನು ಹಿಡಿದಿದ್ದರು. ದುರ್ಬೀನಿನೊಳಗೆ ಹೆಂಡತಿ ಕಂಡಳು. ದುರ್ಬೀನು ತೆಗೆದರೂ ಕಂಡಳು. ಇಂದುಮತಿಯವರು ಸೆರಗು ಸಿಕ್ಕಿಸಿಕೊಂಡು, ಮರಗಳ ನಡುವಿನಿಂದ, ಇಡೀ ದಾರಿಯನ್ನು ನಡೆದು ಮುಗಿಸಿ ಎದುರಿಗೆ ಬಂದು ನಿಂತರು. ಕುಂಟು ಇರಲಿಲ್ಲ. ಉಮಾಪತಿಯವರು ಲೋಟ ಕೆಳಗಿಡಲು ಜಾಗ ಹುಡುಕಿ, ಸಿಗದೆ, ಗ್ಲೆನ್‌ನ ಕೈಗೆ ಕೊಟ್ಟರು.

ಹಿಂದೆಯೇ ರಾಜೇಶನ ದಂಡು ಬಂತು. ಆಂಟಿಯನ್ನು ಕಂಡದ್ದೇ ನಿಯಮದಂತೆ ಎಂಜಿನ್ ಆರಿಸಿತು.

ಗ್ಲೆನ್ ಎರಡು ಲೋಟ ಹಿಡಿದುಕೊಂಡೇ ತೊಡಕನ್ನು ವಿವರಿಸಿದ. ಕಳೆದುಹೋದವರು ತಾವಾಗಿಯೇ ತಲುಪುವುದಕ್ಕೆ ವಿಧಾನದಲ್ಲಿ ಅವಕಾಶವಿಲ್ಲ. ಆಕೆ ತಲುಪಿದ್ದಾರೆಂದರೆ ಕಳೆದುಹೋಗಿರಲಿಲ್ಲ. ಕಳೆದುಹೋಗಿರಲಿಲ್ಲ ಎಂದರೆ ಇಷ್ಟು ದಿನದ ರಕ್ಷಣೆಗಳನ್ನೆಲ್ಲ ಮರುಪರಿಶೀಲಿಸಿ, ಕಾಡನ್ನು ಎರಡೂ ಪಕ್ಷಕ್ಕೆ ಮುಚ್ಚಬೇಕಾಗುತ್ತದೆ. ಸುಮಂತನಿಗೆ ಬಾಡಿಗೆ ಮನೆಯ ನೆನಪಾಯಿತು. ರಾಜೇಶ ಬೈಕಿನ ಸೀಟನ್ನು ಒರೆಸಿ, ಕೂತುಕೊಳ್ಳಿ ಆಂಟಿ ಎಂಬಂತೆ ಕಣ್ಣಲ್ಲೇ ಬೇಡಿಕೊಂಡ. ಎಲ್ಲರೂ ಉಮಾಪತಿಯವರನ್ನು ನೋಡಿದರು. ಉಮಾಪತಿಯವರು ಹೆಂಡತಿಯ ಮೊಣಕಾಲನ್ನು ನೋಡುತ್ತಿದ್ದರು.

"ಕಳೆದುಹೋಗಿದ್ದೆ ಅಂತ್ಲೇ ಇಟ್ಕೊಳ್ಳಿ," ಎಂದರು ಇಂದುಮತಿಯವರು. "ಸಿಕ್ಕಿದ್ದೀನಿ ಅಂತ್ಲೂ ಇಟ್ಕೊಳ್ಳಿ. ಆದ್ರೆ ವಾಪಸ್ಸು ನಡ್ಕೊಂಡೇ ಹೋಗೋದು."

ಅವರು ತಿರುಗಿ ಹೊರಟರು. ರಕ್ಷಿತರು ಸೀಟಿನ ಮೇಲೆ ಕೂರದ ಕಾರಣ ಎಂಜಿನ್ ಚಾಲೂ ಮಾಡುವಂತಿರಲಿಲ್ಲ. ರಕ್ಷಣೆಯನ್ನು ನಡುವೆ ಕೈಬಿಡುವಂತೆಯೂ ಇರಲಿಲ್ಲ. ರಾಜೇಶ ಮತ್ತು ಗೆಳೆಯರು ತಮ್ಮ ತಮ್ಮ ಬೈಕುಗಳನ್ನು ತಳ್ಳಿಕೊಂಡು, ಏದುಸಿರು ಬಿಡುತ್ತ, ಸಾಲಾಗಿ ಆಂಟಿಯ ಹಿಂದೆ ನಡೆದರು. ಉಮಾಪತಿಯವರು ವೀಕ್ಷಣೆಯನ್ನು ಸುಮಂತನಿಗೆ ಒಪ್ಪಿಸಿ ಸಾಲಿನ ಕೊನೆಗೆ ಸೇರಿಕೊಂಡರು. ಗ್ಲೆನ್ ಇದನ್ನು ಯಶಸ್ವಿ ರಕ್ಷಣಾ ಕಾರ್ಯಾಚರಣೆ ಎಂದು ಅಡಿಲೇಡಿಗೆ ತಿಳಿಸಿದ. ಎಲ್ಲ ಶಾಖೆಗಳಲ್ಲೂ ಇನ್ನು ಮುಂದೆ ಹಿಮಗಾಡಿಗಳನ್ನು ತಳ್ಳಿಕೊಂಡೇ ಓಡಿಸತಕ್ಕದ್ದು ಎಂಬ ಆದೇಶ ಅಲ್ಲಿಂದ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ತಳ್ಳುವುದು ಸೊಂಟಕ್ಕೆ ಒಳ್ಳೆಯದಂತೆ ಎಂದು ರಾಜೇಶನೂ ಈಗ ಹೊಸಬರಿಗೆ ಹೇಳುತ್ತಾನೆ.