ಅಪ್‌ಗ್ರೇಡ್ ಮಾಡೂದಿಲ್ಲ ಅಂದ್ರ ಮಾಡೂದಿಲ್ಲ

ನನಗೆ ಹಟ ಜಾಸ್ತಿ ಎಂದು ಮನೆಯಲ್ಲಿ ಒಂದು ಅಭಿಪ್ರಾಯವಿದೆ. ಅದನ್ನು ನಾನು ಒಪ್ಪುವುದಿಲ್ಲ. ಒಪ್ಪದೆ ಇರುವುದೇ ಅದಕ್ಕೆ ಸಾಕ್ಷಿ ಎನ್ನುತ್ತಾರೆ, ಅದನ್ನೂ ಒಪ್ಪುವುದಿಲ್ಲ. ನನ್ನನ್ನು ಕೇಳಿದರೆ, ಈಗಿನ ಕಾಲದಲ್ಲಿ ಮನುಷ್ಯನಿಗೆ "ಬೇಡ" ಎನ್ನುವ ಸ್ವಾತಂತ್ರ್ಯವೇ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಹಲ್ಲುಜ್ಜುವ ಬ್ರಷ್ಷು ಕೊಳ್ಳಲು ಹೋದರೆ ಅಂಗಡಿಯವನು ಅದರ ಮುಂದಿನ ಮಾದರಿ ತೋರಿಸುತ್ತಾನೆ. ಕನ್ನಡಕದ ಗಾಜು ಬದಲಿಸಲು ಹೋದರೆ ಚೌಕಟ್ಟೂ ಹಳೆಯದಾಯಿತು ಎನ್ನುತ್ತಾರೆ. ಇನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತರೆ ಮೂಗೂ ಹಳೆಯದಾಯಿತು ಎಂದಾರು. ಇಂಥ ಕಾಲದಲ್ಲಿ ಯಾರಾದರೂ ಒಬ್ಬರು ಕಾಲೂರಿ ನಿಲ್ಲಬೇಕಲ್ಲ, ಆ ಒಬ್ಬ ನಾನು. ನಿಂತ ಜಾಗ ಮಾತ್ರ ಸ್ವಲ್ಪ ವಿಚಿತ್ರವಾದದ್ದು.

ನಾನು ಸೋಲಾಪುರದ ವಿಜಾಪುರ ರಸ್ತೆಯ ಮನೆಯಿಂದ ದಿನಾ ಬಸ್ಸು ಹಿಡಿದು ಮಂದ್ರೂಪದ ಕಡೆಯ ಒಂದು ಕನ್ನಡ ಶಾಲೆಗೆ ಹೋಗಿ ಪಾಠ ಹೇಳುವ ಮಾಸ್ತರ. ವಯಸ್ಸು ನಲವತ್ತೇಳು. ಈ ವಯಸ್ಸಿನ ನನ್ನ ಸಹೋದ್ಯೋಗಿಗಳು ಸಂಜೆಯಾದರೆ ವಾಕಿಂಗ್ ಹೋಗುತ್ತಾರೆ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಬೀಟ್ ಮಾಡುತ್ತೇನೆ. ಬೀಟ್ ಎಂದರೆ ಬೇರೇನೂ ಅಲ್ಲ. ಎಲ್ಲೋ ಕೇಳಿದ ಒಂದು ಸದ್ದನ್ನು ರೆಕಾರ್ಡ್ ಮಾಡಿಕೊಂಡು ಬಂದು, ಅದನ್ನು ಚೂರು ಚೂರಾಗಿ ಕತ್ತರಿಸಿ, ಆ ಚೂರುಗಳನ್ನು ಹಿಂದುಮುಂದು ಜೋಡಿಸಿ, ಹೊಸದೊಂದು ತಾಳ ಮಾಡುವುದು. ಹಳೇ ಸೀರೆಯ ತುಂಡುಗಳಿಂದ ಕೌದಿ ಹೊಲಿದ ಹಾಗೆ. ಈ ಹುಚ್ಚು ಹಿಡಿದದ್ದು ಶಾಲೆಯ ಒಂದು ಸ್ನೇಹಸಮ್ಮೇಳನದಲ್ಲಿ. ಹಾರ್ಮೋನಿಯಂ ನುಡಿಸಬೇಕಾಗಿದ್ದವರು ಕೈಕೊಟ್ಟರು. ನಾನು ಹಾಜರಿ ಕರೆಯುವಾಗ ಮಕ್ಕಳು "ಹಾಜರ್ ಸರ್" ಎಂದದ್ದನ್ನು ಮೊಬೈಲಿನಲ್ಲಿ ಹಿಡಿದು, ಶಾಲೆಯ ಗಂಟೆ ಮತ್ತು ಡಸ್ಟರ್ ಬಡಿದ ಸದ್ದು ಸೇರಿಸಿ, "ಹಾ-ಹಾ-ಜರ್, ಹಾ-ಸರ್" ಎಂದು ಒಂದು ಕುಣಿತದ ತಾಳ ಮಾಡಿದೆ. ಮಕ್ಕಳು ವೇದಿಕೆ ಮುರಿಯುವ ಹಾಗೆ ಕುಣಿದರು. ಹೆಡ್‌ಮಾಸ್ತರರು ಮಾತ್ರ ಕೆಳಗಿಳಿದು ಬಂದು, "ಮಾಸ್ತರ್ರ, ನಮ್ಮ ಸಾಲಿ ಹುಡುಗೂರ್ನ ತುಂಡ ತುಂಡ ಮಾಡೀರಲ್ರಿ" ಎಂದು ನೊಂದುಕೊಂಡರು.

ಆಗ ಹಾಕಿಕೊಂಡ ತಂತ್ರಾಂಶ ಏಳನೇ ಆವೃತ್ತಿಯದು. ಇವತ್ತಿಗೂ ಅದೇ. ಹೊರಗೆ ಲೋಕದಲ್ಲಿ ಹನ್ನೆರಡನೆಯದು ಬಂದಿದೆ. ಪ್ರತಿ ಸಲ ತೆರೆದಾಗಲೂ ಪರದೆಯ ಮೇಲೆ ಒಂದು ಪೆಟ್ಟಿಗೆ ಹಾರಿ ಬಂದು, ನಿಮ್ಮದು ಹಳೆಯದಾಗಿದೆ, ಹೊಸದು ಬಂದಿದೆ ಎನ್ನುತ್ತದೆ. ಅದರ ಕೆಳಗೆ ಎರಡು ಗುಂಡಿ: "ಈಗಲೇ ಹಾಕಿಕೊಳ್ಳಿ", "ಆಮೇಲೆ ನೆನಪಿಸಿ". "ಬೇಡ" ಎನ್ನುವ ಗುಂಡಿ ಇಲ್ಲ. ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವನಿಗೂ ಎಲೆಗೆ ಕೈ ಅಡ್ಡ ಹಿಡಿದು ಸಾಕಪ್ಪಾ ಎನ್ನಬಹುದು, ಇಲ್ಲಿ ಅದಕ್ಕೂ ಅವಕಾಶವಿಲ್ಲ! ವರ್ಷಗಟ್ಟಲೆ ನಾನು "ಆಮೇಲೆ ನೆನಪಿಸಿ" ಒತ್ತುತ್ತಾ ಬಂದೆ. ಅದು ನೆನಪಿಸುತ್ತಾ ಬಂತು. ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ನನ್ನ ಕಾರಣಗಳು ಗಟ್ಟಿಯಾಗಿದ್ದವು. ಇದ್ದದ್ದು ಚೆನ್ನಾಗಿ ನಡೆಯುತ್ತಿದೆ. ಯಾವ ಗುಂಡಿ ಎಲ್ಲಿದೆ ಎಂದು ನನ್ನ ಬೆರಳಿಗೆ ಗೊತ್ತಿದೆ. ಇನ್ನೊಂದು, ಹೊಸದರಲ್ಲಿ ಒಮ್ಮೆ ತೆರೆದು ಉಳಿಸಿದ ಹಳೇ ಬೀಟು ಮತ್ತೆ ಹಳೆಯದರಲ್ಲಿ ತೆರೆಯುವುದಿಲ್ಲ, ಹೋದರೆ ಹೋದಂತೆಯೇ. ಇದನ್ನೆಲ್ಲ ನಾನು ಹೆಂಡತಿ ಮಹಾನಂದಾಳ ಮುಂದೆ ಭಾಷಣದಂತೆ ಹೇಳುತ್ತಿದ್ದೆ. ಅವಳು ಅಕ್ಕಲಕೋಟದವಳು, ಸೋಲಾಪುರದ ಒಂದು ಮರಾಠಿ ಶಾಲೆಯಲ್ಲಿ ಟೀಚರು. ಮಾತು ಕನ್ನಡ, ಓದುಬರಹ ಪೂರಾ ಮರಾಠಿ. ಭಾಷಣ ಮುಗಿದ ಮೇಲೆ ಅವಳು ಉತ್ತರಪತ್ರಿಕೆಯಿಂದ ತಲೆ ಎತ್ತದೆ ಹೇಳಿದಳು: "ನಿಮಗ ಹೊಸಾದು ಕಲಿಯಾಕ ಅಂಜಿಕಿ ಐತಿ. ಅದಕ್ಕ ತತ್ವ ಅಂತ ಹೆಸರಿಟ್ಟೀರಿ, ಅಷ್ಟ." ಇದಕ್ಕೆ ನಾನು ತಕ್ಕ ಉತ್ತರ ಕೊಟ್ಟೆ. ಏನು ಕೊಟ್ಟೆ ಎಂದು ಈಗ ನೆನಪಿಲ್ಲ.

ಹೀಗಿರುವಾಗ ಸಿದ್ಧಾರಾಮ ಬಂದ. ಅವನು ಮಹಾನಂದಾಳ ಊರಿನವನು, ಅಕ್ಕಲಕೋಟದಲ್ಲಿ ಮದುವೆ ಮೆರವಣಿಗೆಗಳಿಗೆ ಧ್ವನಿವರ್ಧಕ ಕೊಡುವವನು. ಅವನ ತಮ್ಮನ ಮದುವೆ ಗೊತ್ತಾಗಿತ್ತು. "ಸರ, ನಮ್ಮ ತಮ್ಮನ ವರಾತಿಗಿ, ಮೆರವಣಿಗಿಗಿ, ನಿಮ್ಮ ಬೀಟ ಬೇಕು. ಡೊಳ್ಳಿನ ಬೀಟ. ಏಕದಮ್ ದಣಕಾ ಆಗಬೇಕು" ಎಂದ. ನನ್ನ ಬೀಟು ಒಂದು ಊರಿನ ಬೀದಿಯಲ್ಲಿ ಮೊಳಗುತ್ತದೆ ಎಂದು ಕೇಳಿ ನನಗೆ ಚಹಾ ನೆತ್ತಿಗೇರಿತು. ಕೆಮ್ಮು ಮುಗಿಯುವಷ್ಟರಲ್ಲಿ ಅವನು ಮುಂದುವರಿದಿದ್ದ. "ಆದ್ರ ಸರ, ಆ ಜೂನಾ ವರ್ಶನ್‌ನಾಗ ಮಾಡಬ್ಯಾಡ್ರಿ. ದುನಿಯಾ ಕುಠೇ ಗೇಲಿ, ಎಲ್ಲಿಗೋ ಹೋತು, ನೀವು ಇನ್ನಾ ಏಳರಾಗ ಅದೀರಿ." ಅವನ ಮಾತಿಗೆ ಮಹಾನಂದಾ ಒಳಗಿನಿಂದ ಹೂಂಗುಟ್ಟಿದ್ದು ನನಗೆ ಕೇಳಿಸಿತು. ನಾನು ಎದ್ದು ನಿಂತು ಹೇಳಿದೆ: "ಸಿದ್ಧಾರಾಮ, ಬೀಟ ಮಾಡ್ತೀನಿ. ಏಳರಾಗ ಮಾಡ್ತೀನಿ. ನಿನಗ ಹಿಡಿಸಲಿಲ್ಲಂದ್ರ ನನ್ನ ಹೆಸರ ಕರೀಬ್ಯಾಡ."

ಡೊಳ್ಳಿಗೆ ನಾನು ಹೋದದ್ದು ಕಂದಲಗಾಂವದ ಬೀರಪ್ಪ ಕಾಕಾನ ಹತ್ತಿರ. ಎಪ್ಪತ್ತು ದಾಟಿದ ಕುರಿಗಾರ. ಬೀರೋಬಾನ ಗುಡಿಯಲ್ಲಿ ಅವನ ಡೊಳ್ಳು ಬಿದ್ದರೆ ಸುತ್ತಲಿನ ಹಳ್ಳಿಯವರಿಗೆ ಮುಖ ನೋಡದೆ ಗುರುತು ಸಿಗುತ್ತದೆ. ಕಾರಣ, ಅವನ ಮೂರನೇ ಪೆಟ್ಟು ಯಾವಾಗಲೂ ಒಂದು ಕೂದಲೆಳೆ ತಡ. ಬರುತ್ತದೋ ಇಲ್ಲವೋ ಎಂದು ನಾವು ಉಸಿರು ಹಿಡಿದಿರುವಾಗ ಬಂದು ಬೀಳುತ್ತದೆ. ಆ ತಡಕ್ಕಾಗಿಯೇ ನಾನು ಮೈಕು ಹೊತ್ತು ಹೋಗಿದ್ದು. ಆದರೆ ಕಾಕಾ ಬಾರಿಸಲು ಶುರುಮಾಡಿದ ಕೂಡಲೇ ಹಿಂದಿನ ಹಟ್ಟಿಯಿಂದ ಒಂದು ಟಗರು ಒದರಲು ಶುರುಮಾಡಿತು. ಕಾಕಾ ನಿಲ್ಲಿಸಿದರೆ ಅದೂ ನಿಲ್ಲಿಸುತ್ತಿತ್ತು. "ಅದಕ್ಕ ಸುಮ್ಕಿರು ಅಂತ ಹೇಳ್ರಿ ಕಾಕಾ" ಎಂದೆ. "ನೀವು ಸಾಲಿ ಕಲಿಸಾವ್ರು, ನೀವ ಹೇಳ್ರಿ. ನನ್ನ ಮಾತ ಕೇಳಂಗಿಲ್ಲ ಅದು" ಎಂದ ಕಾಕಾ. ಇಪ್ಪತ್ತೈದು ವರ್ಷ ಮಕ್ಕಳನ್ನು ಸುಮ್ಮನಿರಿಸಿದ ಅನುಭವವನ್ನೆಲ್ಲ ಆ ಟಗರಿನ ಮೇಲೆ ಪ್ರಯೋಗಿಸಿದೆ. ಫಲ ಸಿಗಲಿಲ್ಲ. ಟಗರಿನ ಸಮೇತವೇ ರೆಕಾರ್ಡ್ ಆಯಿತು.

ಸಿದ್ಧಾರಾಮ ಅದನ್ನು ಕೇಳಿ ಕೈಚಪ್ಪಾಳೆ ಹೊಡೆದ. ಹೊಸ ಆವೃತ್ತಿಯಲ್ಲಿ ಒಂದು ಗುಂಡಿ ಒತ್ತಿದರೆ ಟಗರು ಬೇರೆ, ಡೊಳ್ಳು ಬೇರೆ ಆಗುತ್ತದಂತೆ. ತಿಂಗಳ ಮಟ್ಟಿಗೆ ಪುಕ್ಕಟೆಯಾಗಿ ಬಳಸಿ ನೋಡಬಹುದಂತೆ. ನನ್ನ ಲ್ಯಾಪ್‌ಟಾಪನ್ನು ನಾನು ಮುಟ್ಟಗೊಡಲಿಲ್ಲವಾದ್ದರಿಂದ ಮಹಾನಂದಾ ಪ್ರಶ್ನಪತ್ರಿಕೆ ತಯಾರಿಸಲು ಇಟ್ಟುಕೊಂಡ ತನ್ನ ಲ್ಯಾಪ್‌ಟಾಪನ್ನೇ ಅವನ ಮುಂದೆ ಇಟ್ಟಳು. ಇದನ್ನು ನಾನು ಮನೆಯೊಳಗಿನ ಬಂಡಾಯ ಎಂದೇ ಭಾವಿಸಿದೆ. ಒಲೆಯ ಮೇಲೆ ಚಹಾ ಕುದಿಯುವಷ್ಟರಲ್ಲಿ ಸಿದ್ಧಾರಾಮ ಟಗರನ್ನು ಮಾಯಮಾಡಿ, ಪೆಟ್ಟುಗಳನ್ನೆಲ್ಲ ಸಾಲಾಗಿ ಕೂರಿಸಿ, ಬೀಟು ಮುಗಿಸಿಬಿಟ್ಟ. ನಾನು ಅದೇ ಕೆಲಸಕ್ಕೆ ಏಳನೇ ಆವೃತ್ತಿಯಲ್ಲಿ ನಾಲ್ಕು ಸಂಜೆ ತೆಗೆದುಕೊಂಡೆ. ಟಗರಿನ ಬಾಯಿ ಇರುವ ಕಡೆಯೆಲ್ಲ ಕತ್ತರಿ ಹಾಕಿದೆ; ಎರಡು ಕಡೆ ಮಾತ್ರ ಅದು ಡೊಳ್ಳಿನ ಜೊತೆಗೇ ಅಂಟಿಕೊಂಡಿತ್ತು, ಬಿಡಲಿಲ್ಲ. ಬಿಡದಿದ್ದರೆ ಬಿಡಲಿ ಎಂದು ಆ ಎರಡು ಚೂರುಗಳನ್ನು ಡೊಳ್ಳಿನ ಸಮೇತ ಎತ್ತಿ ಇನ್ನೊಂದೆಡೆ ಅಲಂಕಾರವಾಗಿ ಇಟ್ಟೆ. ಕಣ್ಣು ಉರಿದವು, ಕತ್ತು ಹಿಡಿಯಿತು. ಆದರೂ ಆ ಮೂರನೇ ಪೆಟ್ಟು ತಡವಾಗಿ ಬಂದು ಬಿದ್ದಾಗ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ಸಿದ್ಧಾರಾಮನದರಲ್ಲಿ ಅದು ಸರಿಯಾದ ಹೊತ್ತಿಗೆ, ಬ್ಯಾಂಕಿನ ಗುಮಾಸ್ತನ ಹಾಗೆ ಬಂದು ಕೂರುತ್ತಿತ್ತು.

ಯಾವುದು ಮೇಲು ಎಂಬ ಜಗಳಕ್ಕೆ ನ್ಯಾಯಾಧೀಶ ತಾನಾಗಿಯೇ ಸಿಕ್ಕ. ಮುಂದಿನ ವಾರ ಬೀರಪ್ಪ ಕಾಕಾ ಕಣ್ಣು ತೋರಿಸಲು ಸೋಲಾಪುರಕ್ಕೆ ಬಂದವನು ನಮ್ಮ ಮನೆಗೂ ಬಂದ. ಮಹಾನಂದಾ ಮೊದಲು ತನ್ನ ಲ್ಯಾಪ್‌ಟಾಪಿನದು ಕೇಳಿಸಿದಳು. ಕಾಕಾ ತಲೆದೂಗಿದ. "ಛಲೋ ಐತಿ. ಯಾರ್ರಿ ಇಂವ ಬಾರಿಸಿದಾಂವ?"

"ನೀವ ಅಲ್ರೀ ಕಾಕಾ" ಎಂದಳು.

"ಇಲ್ಲವಾ, ನಾ ಅಲ್ಲ. ನಾ ಇಷ್ಟ ಶಾಣ್ಯಾ ಅಲ್ಲ."

ನನಗೆ ಆದ ಸಂತೋಷವನ್ನು ಏನು ಹೇಳಲಿ! ಕುರ್ಚಿಯ ತುದಿಗೆ ಬಂದು ಕೂತು ನನ್ನದನ್ನು ಹಚ್ಚಿದೆ. ಮೂರನೇ ಪೆಟ್ಟಿಗೆ ಕಾಕಾ ಮುಖ ಅರಳಿಸಿದ. "ಹಾಂ, ಇದು ನಾನ." ನಾನು ಮಹಾನಂದಾಳ ಕಡೆ ನೋಡಿದೆ. ಅಷ್ಟರಲ್ಲಿ ಕಾಕಾ ಹುಬ್ಬು ಗಂಟಿಕ್ಕಿದ. "ಆದ್ರ ಮಾಸ್ತರ್ರ, ಟಗರು ಯಾಕ ತಾಳ ತಪ್ಪಾಕತ್ತೈತಿ? ಅದು ನನ್ನ ಕೂಡ ಬರೋಬರಿ ಒದರತಿತ್ತಲ್ಲ. ಅದರ ಬಾಯಿ ತಗದು ಎಲ್ಲೆರ ಇಟ್ಟೀರೇನು?" ಮಹಾನಂದಾ ಚಹಾ ತರುವ ನೆಪದಲ್ಲಿ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಒಟ್ಟಿನಲ್ಲಿ ತೀರ್ಪು ನನ್ನ ಪರವಾಗಿಯೇ ಬಂದಿತ್ತು ಎಂದು ನಾನು ಸಿದ್ಧಾರಾಮನಿಗೆ ಫೋನು ಮಾಡಿ ತಿಳಿಸಿದೆ. ಟಗರಿನ ವಿಷಯ ಹೇಳಲಿಲ್ಲ. ಹೇಳಲೇಬೇಕೆಂದು ಕಾನೂನೇನೂ ಇಲ್ಲ. "ಇರಲಿ ಸರ, ಎರಡೂ ತರ್ರಿ. ಮೊದಲ ನಿಮ್ಮದ ಹಚ್ಚೂಣು. ಕಾಕಾನ್ನೂ ಡೊಳ್ಳ ಕಟ್ಟಿಸಿ ಕರಕೊಂಡ ಬರ್ರಿ" ಎಂದ ಅವನು.

ಮೆರವಣಿಗೆ ಅಕ್ಕಲಕೋಟದಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಹೊರಟಿತು. ಕಾಕಾ ಹಳದಿ ರುಮಾಲು ಸುತ್ತಿ, ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು, ಧ್ವನಿವರ್ಧಕದ ಗಾಡಿಯ ಮುಂದೆ ಡೊಳ್ಳು ಕಟ್ಟಿ ನಿಂತ. ಕುದುರೆಯ ಮೇಲೆ ಮದುಮಗ, ಹಿಂದೆ ಪೇಟಾ ಕಟ್ಟಿದ ಬೀಗರು, ಗಾಡಿಯ ಮೇಲೆ ನಾನು. ಸಿದ್ಧಾರಾಮ ಮೈಕಿನಲ್ಲಿ "ನಮ್ಮ ಸೋಲಾಪುರದ ಸರ್ ಮಾಡಿದ ಬೀಟ" ಎಂದು ಘೋಷಿಸಿದ. ನನ್ನ ಬೀಟು ಶುರುವಾಯಿತು. ಕಾಕಾ ಅದರ ಜೊತೆಗೆ ಡೊಳ್ಳು ಎತ್ತಿದ. ಆಗ ಆದದ್ದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ರೆಕಾರ್ಡಿನ ಕಾಕಾನ ಮೂರನೇ ಪೆಟ್ಟು ತಡವಾಗುತ್ತಿತ್ತು. ಬೀದಿಯಲ್ಲಿದ್ದ ಕಾಕಾನದೂ ತಡವಾಗುತ್ತಿತ್ತು. ಆದರೆ ಎರಡು ತಡಗಳು ಒಂದೇ ಅಲ್ಲ. ಅವನು ಬಿದ್ದಾಗ ಇವನು ಏಳುತ್ತಿದ್ದ. ನಡುವೆ ಟಗರು. ಕುಣಿಯಲು ಕಾಲೆತ್ತಿದ ಬೀಗರು ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಒಬ್ಬರನ್ನೊಬ್ಬರು ನೋಡಿದರು. ಮದುಮಗನ ಸೋದರಮಾವನೊಬ್ಬರು ಆಧಾರಕ್ಕೆ ಕುದುರೆಯನ್ನು ಹಿಡಿದುಕೊಂಡರು. ಕುದುರೆಗೆ ಅದು ಇಷ್ಟವಾಗಲಿಲ್ಲ.

ಕಾಕಾ ಕೈ ಎತ್ತಿ ನಿಲ್ಲಿಸಿ, ಇಡೀ ಬೀದಿಗೆ ಕೇಳುವಂತೆ ಕೂಗಿದ: "ಮಾಸ್ತರ್ರ, ಇಂವ ನನ್ನ ಮಾತ ಕೇಳವಲ್ಲ! ಆ ಶಾಣ್ಯಾನ್ನ ಹಚ್ರಿ!"

ನಾನು ಗಾಡಿಯಿಂದ ಬಗ್ಗಿ, "ಕಾಕಾ, ಅದರಾಗ ನೀವ ಇಲ್ಲ ಅಂದಿದ್ರಿ" ಎಂದು ಗೋಗರೆದೆ.

"ನಾ ಇಲ್ಲೇ ನಿಂತೀನಲ್ಲೋ ಮಾರಾಯಾ! ಅಂವ ಗೂಟದ ಹಾಂಗ ನೆಟ್ಟಗ ನಿಂತ್ರ ನಾ ಅವನ ಸುತ್ತ ಕುಣಿತೀನಿ. ಇಬ್ರೂ ಕುಣಿದ್ರ ಹ್ಯಾಂಗ?"

ಸಿದ್ಧಾರಾಮ ನನ್ನ ಒಪ್ಪಿಗೆಗೆ ಕಾಯಲಿಲ್ಲ. ಹನ್ನೆರಡನೇ ಆವೃತ್ತಿಯ ಬೀಟು ಶುರುವಾಯಿತು. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದರ ಮೇಲೆ ಕಾಕಾನ ಮೂರನೇ ಪೆಟ್ಟು ತಡವಾಗಿ ಬಂದು ಬಿದ್ದಾಗ ಬೀದಿಗೆ ಬೀದಿಯೇ "ಹೋ" ಎಂದಿತು. ಆ ನೆಟ್ಟನೆಯ ತಾಳ ಇದ್ದದ್ದರಿಂದಲೇ ಆ ತಡ ಎಲ್ಲರಿಗೂ ಕಂಡಿತು ಎನ್ನುವುದನ್ನು ನಾನು ಸಂಗೀತದ ದೃಷ್ಟಿಯಿಂದ ಒಪ್ಪುತ್ತೇನೆ. ಉಳಿದ ಯಾವ ದೃಷ್ಟಿಯಿಂದಲೂ ಒಪ್ಪುವುದಿಲ್ಲ. ಗಾಡಿಯಿಂದ ಇಳಿದು ನಾನೂ ಕುಣಿದೆ, ಅದು ನಿಜ. ಆದರೆ ಕುಣಿದದ್ದು ಕಾಕಾನ ಡೊಳ್ಳಿಗೆ, ಯಂತ್ರದ ತಾಳಕ್ಕಲ್ಲ. ನನ್ನ ಕಾಲನ್ನು ಗಮನವಿಟ್ಟು ನೋಡಿದವರಿಗೆ ಅದು ತಿಳಿದಿರಬೇಕು.

ನಾನು ಸೋತೆನೆಂದು ಯಾರೂ ತಿಳಿಯಬೇಕಾಗಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಇವತ್ತಿಗೂ ಏಳೇ ಇದೆ. ಮಹಾನಂದಾ ಮಾತ್ರ ಪುಕ್ಕಟೆಯ ತಿಂಗಳು ಮುಗಿದ ಮೇಲೆ ಹನ್ನೆರಡನ್ನು ತನ್ನ ಹೆಸರಿನಲ್ಲೇ ತೆಗೆದುಕೊಂಡಳು. ಅವಳ ತರಗತಿಯ ಮಕ್ಕಳು ಮಗ್ಗಿ ಹೇಳುವುದನ್ನು ಕತ್ತರಿಸಿ ಒಂದು ಬೀಟು ಮಾಡಿದ್ದಾಳೆ. ಏಳರ ಮಗ್ಗಿ ಬಾರದ ಮಕ್ಕಳೂ ಈಗ ಅದನ್ನು ಕುಣಿಯುತ್ತಾ ಹೇಳುತ್ತಾರಂತೆ. ನನಗೂ ಮೊನ್ನೆ ಒಂದು ಸಣ್ಣ ಅಗತ್ಯ ಬಿತ್ತು. ನೆರೆಮನೆಯ ಅಜ್ಜಿಯೊಬ್ಬರು ಹಾಡಿದ, ಕಣದಲ್ಲಿ ರಾಶಿ ಮಾಡುವಾಗಿನ ಹಂತಿಯ ಪದವನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಹಾಡಿಗಿಂತ ಮೇಲಿನ ಫ್ಯಾನಿನ ಸದ್ದೇ ಜೋರಾಗಿತ್ತು. ಏಳರಲ್ಲಿ ಫ್ಯಾನು ಆರಲಿಲ್ಲ. "ಹತ್ತು ಮಿನಿಟ ನಿನ್ನ ಲ್ಯಾಪ್‌ಟಾಪ ಕೊಡು, ಬರೇ ಪರೀಕ್ಷಾ ಮಾಡಾಕ" ಎಂದೆ.

"ಪರೀಕ್ಷಾ ಮಾಡಾಕ ಆದ್ರ ನಿಯಮ ರೀತ್ಯಾ ಅರ್ಜಿ ಕೊಡ್ರಿ" ಎಂದಳು.

ಸ್ವಾಭಿಮಾನಕ್ಕೆ ಧಕ್ಕೆ ಬಾರದಂತೆ, ಅಚ್ಚಗನ್ನಡದಲ್ಲಿ, ತಾತ್ಕಾಲಿಕ ಬಳಕೆಗೆ ಮಾತ್ರ ಎಂದು ಅಡಿಗೆರೆ ಎಳೆದು ಬರೆದುಕೊಟ್ಟೆ. ಕನ್ನಡ ಓದಲು ಬರುವುದಿಲ್ಲವೆಂದು ಅದು ಹಿಂತಿರುಗಿ ಬಂತು. ಮರಾಠಿಯಲ್ಲಿ ಬರೆದೆ. ಅದೂ ಹಿಂತಿರುಗಿ ಬಂದಿದೆ, ಮೂರು ಕಡೆ ಕೆಂಪು ಶಾಯಿಯ ಸುತ್ತು ಹಾಕಿಸಿಕೊಂಡು, ಹತ್ತಕ್ಕೆ ನಾಲ್ಕು ಅಂಕದೊಂದಿಗೆ. ತಿದ್ದಿದ ಪ್ರತಿಯನ್ನು ಇವತ್ತು ಬೆಳಿಗ್ಗೆ ಚಹಾದ ಕಪ್ಪಿನ ಜೊತೆಗೆ ಅವಳ ಮುಂದೆ ಇಟ್ಟು ಬಂದಿದ್ದೇನೆ. ನನ್ನ ನಿಲುವಿನಲ್ಲಿ ಬದಲಾವಣೆ ಏನೂ ಇಲ್ಲ. ಅಕ್ಷರ ಮಾತ್ರ ಈ ಸಲ ಆದಷ್ಟು ದುಂಡಗೆ ಬರೆದಿದ್ದೇನೆ.