ಸಾಹುಕಾರರಿಗೆ ಒಬ್ಬಾಕಿ ಕಮ್ಮಿ

ಪುರಾಣ ಹೇಳುವವನ ಬಾಳಿನಲ್ಲಿ ಇಂಥವು ಒಂದಲ್ಲ ಒಂದು ನಡೆಯುತ್ತಲೇ ಇರುತ್ತವೆ. ನಾನು ಹೇಳುವುದು ಒಂದು, ಕೇಳಿದವರು ಮನೆಗೆ ಕಟ್ಟಿಕೊಂಡು ಹೋಗುವುದು ಇನ್ನೊಂದು. ಧರ್ಮರಾಯ ಜೂಜಾಡಿ ಕೆಟ್ಟ ಕಥೆ ಹೇಳಿದ ಊರಿನಲ್ಲಿ ಮರುದಿನ ಗುಡಿಕಟ್ಟೆಯ ಮೇಲೆ ಪಗಡೆ ಹಾಸಿದ್ದನ್ನು ಈ ಕಣ್ಣಿನಿಂದ ನೋಡಿದ್ದೇನೆ. ಅಂಥದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದನ್ನೂ ಬಿಟ್ಟಿದ್ದೆ. ಆದರೆ ಮಸ್ಕಿಯ ಹತ್ತಿ ಸಾಹುಕಾರರ ಮನೆಯಲ್ಲಿ ಆದದ್ದು ನೆನಪಾದರೆ ಈಗಲೂ ಪುರಾಣದ ಪೋಥಿಗಳನ್ನೆಲ್ಲ ಗಂಟುಕಟ್ಟಿ ಬಾವಿಗೆ ಹಾಕಿಬಿಡೋಣ ಅನ್ನಿಸುತ್ತದೆ.

೧. ಪಾಯಸ

ನಿಜಾಮರ ಆಳ್ವಿಕೆ ಮುಗಿದಿತ್ತು. ಸಿಂಧನೂರಿನ ಕಡೆ ಕಾಲುವೆ ತೋಡುವ ಕೆಲಸ ನಡೆದಿತ್ತು. ಸಾಹುಕಾರರಿಗೆ ಇಬ್ಬರು ಹೆಂಡಿರು, ಇಬ್ಬರಲ್ಲೂ ಮಕ್ಕಳಿಲ್ಲ. ರಾಮಾಯಣ ಓದಿಸಿದರೆ ಸಂತಾನವಾಗುತ್ತದೆ ಎಂದು ಯಾರೋ ಹೇಳಿದರಂತೆ, ನನಗೆ ಕರೆ ಬಂತು. ನಾನು ಹುರುಪಿನಿಂದಲೇ ಹೋದೆ. ಆ ಮನೆಯ ಹಿರಿಯಾಕೆ ಊಟಕ್ಕೆ ಬಡಿಸುವಾಗ ತುಪ್ಪಕ್ಕೆ ಕೈ ಬಿಗಿಹಿಡಿಯುತ್ತಿರಲಿಲ್ಲ.

ದಶರಥ ಯಾಗ ಮಾಡಿ, ಪಾಯಸ ಬಂದು, ಮೂವರು ರಾಣಿಯರಿಗೂ ಮಕ್ಕಳಾದ ಭಾಗವನ್ನು ಮನಸ್ಸು ತುಂಬಿ ಹೇಳಿದೆ. ಮಂಗಳಾರತಿ ಆಯಿತು. ಸಾಹುಕಾರರು ಗೋಡೆಗೆ ಒರಗಿ ಉಸಿರುಬಿಟ್ಟರು.

"ಈಗ ತಿಳೀತು ನೋಡ್ರಿ ಶಾಸ್ತ್ರಿಗಳ. ಮೂರು ಮಂದಿ ಆದಮ್ಯಾಲ ಆತಗ ಮಕ್ಕಳಾಗ್ಯಾವ. ನನಗ ಒಬ್ಬಾಕಿ ಕಮ್ಮಿ ಬಿದ್ದಾಳ."

ಮೂವರಿದ್ದರೂ ದಶರಥನಿಗೆ ಬಹಳ ಕಾಲ ಮಕ್ಕಳಾಗಿರಲಿಲ್ಲ, ಆದದ್ದು ಪಾಯಸದಿಂದ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಶಾಂತವಾಗಿ ತಲೆಯಾಡಿಸಿದರು.

"ಪಾಯಸಾನೂ ಮಾಡಸೋಣಂತ್ರಿ. ಅದೇನು ದೊಡ್ಡ ಮಾತು?"

೨. ಮೂರು ಇಳಕಲ್ ಸೀರೆ

ಮರುದಿನದಿಂದ ನನ್ನ ಎಲೆಗೆ ತುಪ್ಪ ಬರುವುದು ನಿಂತಿತು. ಕೇಳುವುದು ಹೇಗೆ? ಒಣ ಅನ್ನ ಗಂಟಲಲ್ಲಿ ಇಳಿಯದೆ ಕೂತಿದ್ದಾಗ ಹಿರಿಯಾಕೆ ಬಾಗಿಲ ಹತ್ತಿರ ಬಂದು ನಿಂತಳು. ಹಿಂದೆ ಕಿರಿಯಾಕೆ.

"ಬೆಂಕಿ ಹಚ್ಚಿದವರು ನೀವು, ನೀವ ಆರಸ್ರಿ" ಎಂದಳು ಹಿರಿಯಾಕೆ. "ಹೊಸಾಕಿ ಬಂದು ಒಂದು ಕೂಸು ಹಡದ್ಲಂದ್ರ ನಾವಿಬ್ಬರೂ ಹಿತ್ತಲದಾಗ ಹತ್ತಿ ಬಿಡಿಸೋ ಆಳಾಗ್ತೀವಿ. ತವರಿನ ಬಾಗ್ಲಾ ನನಗ ಮುಚ್ಚೇತಿ, ಇಕಿಗೆ ತವರ ಇಲ್ಲ."

ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಆ ದಿನವೇ ನಾನು ಚಂದ್ರನ ಕಥೆ ಎತ್ತಿಕೊಂಡೆ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಚಂದ್ರ ಮದುವೆಯಾದದ್ದು, ರೋಹಿಣಿಯೊಬ್ಬಳ ಮನೆಯಲ್ಲೇ ಉಳಿದದ್ದು, ಉಳಿದವರ ಕಣ್ಣೀರು, ಮಾವನ ಶಾಪ, ಕ್ಷಯರೋಗ. ಕೆಮ್ಮುವುದನ್ನು ಕೂಡ ಮಾಡಿ ತೋರಿಸಿದೆ. ಸಾಹುಕಾರರ ಕಣ್ಣು ಒದ್ದೆಯಾದವು. ಗೆದ್ದೆ ಅಂದುಕೊಂಡೆ.

ಮುಂದಿನ ಸಂತೆಗೆ ಅವರು ಒಂದೇ ಬಣ್ಣ, ಒಂದೇ ಅಂಚಿನ ಮೂರು ಇಳಕಲ್ ಸೀರೆ ತಂದರು. ಎರಡನ್ನು ಹೆಂಡಿರಿಗೆ ಕೊಟ್ಟು ಮೂರನೆಯದನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಚಂದ್ರ ಕೆಟ್ಟದ್ದು ಭೇದ ಮಾಡಿದ್ದಕ್ಕಂತೆ, ತಾವು ಮೂವರನ್ನೂ ಒಂದೇ ನಮೂನಿ ನೋಡಿಕೊಳ್ಳುತ್ತಾರಂತೆ. ಹಿರಿಯಾಕೆ ಆ ಹೊಸ ಸೀರೆ ಉಟ್ಟು ಬಂದು ನನ್ನ ಎಲೆಗೆ ಅನ್ನ ಹಾಕಿದಳು. ಅವತ್ತು ಉಪ್ಪೂ ಬರಲಿಲ್ಲ.

೩. ಸಜಾ

ಅಷ್ಟರಲ್ಲಿ ದಿಲ್ಲಿಯಲ್ಲಿ ಏನೋ ಕಾನೂನು ಆಗುತ್ತದೆ, ಹೆಂಡತಿ ಇದ್ದವರು ಮತ್ತೆ ಮದುವೆ ಆಗುವಂತಿಲ್ಲ ಎಂಬ ಸುದ್ದಿ ಹಬ್ಬಿತು. ಸಾಹುಕಾರರು ಲಿಂಗಸುಗೂರಿನ ವಕೀಲರನ್ನು ಕೇಳಲು ಹೊರಟರು. ಶಾಸ್ತ್ರದ ಕಡೆಯಿಂದ ಸಾಕ್ಷಿ ಇರಲಿ ಎಂದು ನನ್ನನ್ನೂ ಬಸ್ಸಿನಲ್ಲಿ ಕೂರಿಸಿಕೊಂಡರು.

ವಕೀಲರು ಉರ್ದು ಕಾಲದವರು, ಬಾಯಿತುಂಬ ಪಾನು. ಹಿಂದಿನವರು ಬಹಳ ಹೆಂಡಿರನ್ನು ಮಾಡಿಕೊಂಡದ್ದಕ್ಕೆ ಪುರಾಣದಲ್ಲಿ ಸಜಾ, ಅಂದರೆ ಶಿಕ್ಷೆ, ಉಂಟೇನು ಎಂದು ನನ್ನನ್ನು ಕೇಳಿದರು. ಇದೇ ಸಮಯ ಎಂದು ನಾನು ಅರ್ಜುನನನ್ನು ಹಿಡಿದೆ. ದ್ರೌಪದಿಯ ವಿಷಯದಲ್ಲಿ ಅಣ್ಣತಮ್ಮಂದಿರು ಕಟ್ಟಿಕೊಂಡ ನೇಮ ಆತ ಮುರಿದದ್ದು, ಒಬ್ಬ ಬಡವನ ಆಕಳು ಬಿಡಿಸಲು ಮುರಿದದ್ದಾದರೂ ಹನ್ನೆರಡು ವರ್ಷ ಮನೆ ಬಿಟ್ಟು ತಿರುಗಬೇಕಾಗಿ ಬಂದದ್ದು, ಎಲ್ಲ ಹೇಳಿದೆ. ಮದುವೆಯ ನೇಮ ಅಷ್ಟು ಬಿಗಿ ಎಂದು ಮುಗಿಸಿದೆ.

ಸಾಹುಕಾರರು ಸ್ವಲ್ಪ ಮೆತ್ತಗಾದರು. ವಕೀಲರು ಪಾನು ಉಗಿದು ಬಂದು, ಆ ಹನ್ನೆರಡು ವರ್ಷ ಆತ ಏನು ಮಾಡಿದ ಎಂದು ಕೇಳಿದರು.

ಪುರಾಣ ಹೇಳುವವನು ಸುಳ್ಳು ಹೇಳುವ ಹಾಗಿಲ್ಲ. ಉಲೂಪಿಯನ್ನು ಮದುವೆಯಾದ ಎಂದೆ. ಆಮೇಲೆ? ಚಿತ್ರಾಂಗದೆಯನ್ನು. ಆಮೇಲೆ? ಸುಭದ್ರೆಯನ್ನು ಎಂದು ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

"ಶಾಸ್ತ್ರಿಗಳ, ಇದು ಸಜಾ ಏನ್ರಿ, ಇನಾಮು?" ಎಂದರು ವಕೀಲರು.

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಕಾನೂನು ಬರುವುದು ಖರೆ, ಅದಕ್ಕೆ ಮೊದಲು ಆದ ಮದುವೆ ನಿಲ್ಲುತ್ತದೆ, ಜಲ್ದಿ ಮುಗಿಸಿಕೊಳ್ಳಿ ಎಂದು ವಕೀಲರ ಸಲಹೆ. ಬರುವಾಗ ಸಾಹುಕಾರರು ನನಗೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಸಿದರು.

೪. ಐವರು

ರಾಮಾಯಣ ಮುಗಿದು ಭಾರತ ಹಿಡಿದಿದ್ದೆ, ಒಂದು ದಿನ ದ್ರೌಪದಿಯ ಸ್ವಯಂವರ ಓದುತ್ತಿದ್ದೆ. ಎಂದೂ ಬಾಯಿ ಬಿಡದ ಕಿರಿಯಾಕೆ ಕಂಬದ ಹಿಂದಿನಿಂದ, ಐದು ಮಂದಿ ಗಂಡಂದಿರಿಗೆ ಹಿರಿಯರು ಒಪ್ಪಿದರೇ ಎಂದು ಕೇಳಿದಳು. ಒಪ್ಪಿದರು, ವ್ಯಾಸರೇ ಬಂದು ಒಪ್ಪಿಸಿದರು ಎಂದೆ.

ಸಾಹುಕಾರರು ನೆಟ್ಟಗೆ ಕೂತರು. ಅದು ದೇವಾನುದೇವತೆಗಳ ಮಾತು, ಮನುಷ್ಯರು ಕೇಳಿ ಕೈಮುಗಿಯಬೇಕು, ಮಾಡಬಾರದು ಎಂದರು. ಹಾಗಾದರೆ ದಶರಥನದು? ಎಂದಳು ಆಕೆ.

"ಅದು ನಮಗ ಹಾಕಿಕೊಟ್ಟ ದಾರಿ" ಎಂದು ಅವರು ನನ್ನ ಪೋಥಿಯ ಹಾಳೆಯನ್ನು ತಾವೇ ತಿರುವಿದರು.

೫. ಗುಡ್ಡದ ಕೆಳಗಿನ ಹೆಂಡತಿ

ಸಿಂಧನೂರಿನಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿಯ ತಂದೆಗೆ ಸಾಹುಕಾರರ ಮನೆತನದ ಆಸೆ, ತಾಯಿಗೆ ಮಾತ್ರ ಅಂಜಿಕೆ. ಮೂರನೇ ಮದುವೆಯಾಗಿ ಹೋದವಳು ಬಾಳುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಅದಕ್ಕೊಂದು ಪದ್ಧತಿಯೂ ಉಂಟು. ಗಂಡು ಮೊದಲು ಎಕ್ಕೆ ಗಿಡಕ್ಕೆ ತಾಳಿ ಕಟ್ಟುತ್ತಾನೆ. ಗಿಡ ಮೂರನೆಯವಳು, ಕೇಡೆಲ್ಲ ಅದಕ್ಕೆ. ಹುಡುಗಿ ನಾಲ್ಕನೆಯವಳಾಗಿ ಸುಖವಾಗಿ ಬರುತ್ತಾಳೆ.

ಆ ಮದುವೆ ಮಾಡಿಸಲು ನನ್ನನ್ನೇ ಕರೆದರು. ಬರುವುದಿಲ್ಲ ಎಂದರೆ ಆ ಊರಿನಲ್ಲಿ ನನಗೆ ಅನ್ನ ಇರುತ್ತಿರಲಿಲ್ಲ. ಮಸ್ಕಿ ಗುಡ್ಡದ ಕೆಳಗೆ ಬೆಳೆದಿದ್ದ ಎಕ್ಕೆ ಗಿಡಕ್ಕೆ ಅರಿಷಿಣದ ದಾರ ಸುತ್ತಿಸಿ, ಕುಪ್ಪಸ ಹೊದಿಸಿ, ಮಂತ್ರ ಹೇಳಿ ಸಾಹುಕಾರರಿಂದ ತಾಳಿ ಕಟ್ಟಿಸಿದೆ. ಹೊಲಕ್ಕೆ ಹೋಗುವ ಮಂದಿ ನಿಂತು ಅಕ್ಷತೆ ಹಾಕಿ ಹೋದರು. ಸಾಯಬಾರದೇಕೆ ಅನ್ನಿಸಿತು ನನಗೆ.

ಮನೆಗೆ ಬಂದಾಗ ಹಿರಿಯಾಕೆ ಒಂದೇ ಮಾತು ಕೇಳಿದಳು.

"ತಾಳಿ ಬಿತ್ತಂದಮ್ಯಾಲ ಆಕಿ ಈ ಮನಿ ಹೆಣ್ಮಗಳು ಹೌದಲ್ರಿ?"

ಹೌದು ಎಂದೆ. ಶಾಸ್ತ್ರ ಹಾಗೇ ಇದೆ, ಏನು ಮಾಡಲಿ?

ಸಂಜೆಯೊಳಗೆ ಹೆಂಡಿರಿಬ್ಬರೂ ಸಲಿಕೆ ಹಿಡಿದು ಹೋಗಿ, ಗಿಡವನ್ನು ಬೇರುಸಮೇತ ಕಿತ್ತು, ಬಂಡಿಯಲ್ಲಿ ಮನೆಗೆ ತಂದರು. ಹೊಸ ಸೊಸೆಯನ್ನು ಅಡವಿಯಲ್ಲಿ ಬಿಡುವುದು ಮರ್ಯಾದೆಯಲ್ಲವಂತೆ. ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಟ್ಟು ಬೇರಿನಿಂದ ಒದೆಸಿದರು, ಆರತಿ ಎತ್ತಿದರು, ಅಂಗಳದಲ್ಲಿ ನೆಟ್ಟು ಕೊಡಗಟ್ಟಲೆ ನೀರು ಹಾಕಿದರು. ಸಾಹುಕಾರರು ಹೆಂಡಿರ ಒಳ್ಳೇತನ ನೋಡಿ ಕರಗಿಹೋದರು.

ಬಂಡೆಗಳ ನಡುವೆ ಒಣಗಿ ಬೆಳೆದ ಗಿಡ, ಆ ಉಪಚಾರ ತಡೆದೀತೆ? ಸಿಂಧನೂರಿನ ಮುಹೂರ್ತಕ್ಕೆ ಎರಡು ದಿನ ಇರುವಾಗ ಎಲೆ ಉದುರಿ, ಕಾಂಡ ಕೊಳೆತು, ನೆಲಕ್ಕೆ ಮಲಗಿತು. ಹೆಂಡಿರಿಬ್ಬರೂ ಅಂಗಳದಲ್ಲಿ ಕೂತು ತಂಗಿ ಹೋದಳೆಂದು ಎದೆ ಬಡಿದುಕೊಂಡು ಅತ್ತ ಅಳುವಿಗೆ ಓಣಿಗೆ ಓಣಿಯೇ ಸತ್ತವರ ಮನೆಗೆ ಬಂದ ಹಾಗೆ ಮಾತಾಡಿಸಲು ಬಂತು. ಸಾಹುಕಾರರು ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಬಂದವರು ಆಕೆಗೆ ಏನಾಗಿತ್ತು ಎಂದು ಕೇಳುತ್ತಿದ್ದರು.

ಸುದ್ದಿ ಕೇಳಿ ಹುಡುಗಿಯ ತಂದೆ ಸಿಂಧನೂರಿನಿಂದ ಓಡಿಬಂದ. ಸತ್ತದ್ದು ಹೆಂಡತಿಯೋ ಗಿಡವೋ, ಒಂದು ಮಾತು ಹೇಳಿ ಎಂದು ಸಾಹುಕಾರರ ಎದುರು ಕೂತ. ಗಿಡ ಎಂದರೆ ಅವನ ಮಗಳು ಮೂರನೆಯವಳಾಗುತ್ತಾಳೆ. ಹೆಂಡತಿ ಎಂದರೆ ಮನೆಗೆ ಸೂತಕ, ಮೇಲೆ ವರ್ಷ ತುಂಬುವತನಕ ಮಂಗಳಕಾರ್ಯವಿಲ್ಲ, ಅಷ್ಟರಲ್ಲಿ ಕಾನೂನು ಬಂದುಬಿಡುತ್ತದೆ. ಸಾಹುಕಾರರು ನನ್ನನ್ನು ನೋಡಿದರು.

ಅಷ್ಟು ತಿಂಗಳಲ್ಲಿ ಮೊದಲ ಸಲ ಆ ಮನೆಯಲ್ಲಿ ನನ್ನ ಮಾತಿಗೆ ಎಲ್ಲರೂ ಕಿವಿಗೊಟ್ಟು ಕೂತಿದ್ದರು. ತಾಳಿ ಕಟ್ಟಿಸಿದವನು ನಾನು, ಹೆಂಡತಿ ಎಂದೆ.

ಹುಡುಗಿಯ ತಂದೆ ಎದ್ದ. ಮನೆ ತುಂಬಿದ ವಾರದೊಳಗೆ ಸೊಸೆ ಸತ್ತ ಮನೆಗೆ ತನ್ನ ಮಗಳನ್ನು ಕೊಡುವುದಿಲ್ಲ ಎಂದು ನೀರೂ ಕುಡಿಯದೆ ಬಸ್ಸಿಗೆ ಹೋದ.

"ಶಾಸ್ತ್ರಿಗಳ, ಈಗ ನಾ ಏನ್ ಮಾಡ್ಲಿ?" ಎಂದರು ಸಾಹುಕಾರರು.

"ಜಳಕಾ ಮಾಡ್ರಿ" ಎಂದಳು ಹಿರಿಯಾಕೆ ಒಳಗಿನಿಂದ. "ಸೂತಕ ಐತಿ."

ಅವರು ಎದ್ದು ಬಾವಿಯ ಕಡೆ ಹೋದರು. ಹಿರಿಯಾಕೆ ನನ್ನ ಮುಂದೆ ಎಲೆ ಹಾಸಿ, ಬಿಸಿ ಅನ್ನ ಹಾಕಿ, ತುಪ್ಪದ ತಂಬಿಗೆಯನ್ನೇ ಎತ್ತಿಕೊಂಡು ಬಂದಳು. ಎಷ್ಟು ತಿಂಗಳಾಗಿತ್ತು ಆ ವಾಸನೆ ಕಂಡು. ಕೈ ಚಾಚಿದೆ, ಆಗ ನೆನಪಾಯಿತು. ಸೂತಕದ ಮನೆಯಲ್ಲಿ ಶಾಸ್ತ್ರಿ ಊಟ ಮಾಡುವ ಹಾಗಿಲ್ಲ.